ಕುರಿಲೆಕ್ಕದ ಪುಸ್ತಕ

ಹನ್ನೊಂದು ತುಂಬಿದ ವರ್ಷ ನನ್ನ ಗುಲ್ಮ ತೆಗೆದರು.
ಎಡಪಕ್ಕೆಯ ಕೆಳಗೆ ಒಂದು ಗೇಣು ಹೊಲಿಗೆ,
ಈಗ ಮಾಸಿದೆ, ಒರಿಸ್ತಾನೋ ಬಯಲಿನ
ಬತ್ತಿದ ಕಾಲುವೆಯ ಹಾಗೆ.

ಎಷ್ಟು ದೊಡ್ಡದಿತ್ತು, ಅಂತ ಕೇಳಿದೆನಂತೆ ಎಚ್ಚರವಾದಾಗ.
ಅಮ್ಮ ಎರಡೂ ಕೈ ಅಗಲಿಸಿದಳು
ಹಬ್ಬದ ರೊಟ್ಟಿಯ ಅಳತೆ ಹೇಳುವವಳಂತೆ.
ತಿಂಗಳಿಗೆರಡು ಸಲ ಯಾರದೋ ರಕ್ತ
ಹನಿಹನಿಯಾಗಿ ನನ್ನೊಳಗೆ ಇಳಿಯುತ್ತಿತ್ತು;
ಬಂದದ್ದನ್ನೆಲ್ಲ ನುಂಗಿ ನುಂಗಿ ಅದು ಊದಿತ್ತು,
ಶಾಲೆಯ ಹುಡುಗರು ಬಸುರಿ ಅನ್ನುವಷ್ಟು.
ನೆಗಡಿ ಬಂತೆಂದು ಮೂಗು ಕೊಯ್ದರು,
ಅಜ್ಜಿ ಗೊಣಗಿದಳು.
ಇರಬಹುದು. ರಕ್ತವಂತೂ ನಿಂತಿತು ಮೈಯಲ್ಲಿ.

ಅಜ್ಜಿಯ ಕಾಲಕ್ಕೆ ಈ ಜೌಗಿನ ಸೊಳ್ಳೆಗೆ
ಊರಿಗೆ ಊರೇ ಚಳಿಜ್ವರದಲ್ಲಿ ನಡುಗುತ್ತಿತ್ತಂತೆ.
ರಕ್ತದಲ್ಲಿ ಅರೆಪಾಲು ಕೊರತೆಯಿದ್ದವರು
ಹೇಗೋ ಬದುಕಿಕೊಂಡರು.
ಬದುಕಿಕೊಂಡವರ ಎರಡು ಮನೆ ಬೀಗರಾದವು.
ಆ ಸಾಲದ ಬಡ್ಡಿ ನಾನು, ಬೊನಾರಿಯಾ.

ಈ ವರ್ಷ ಬಂದ ಹೊಸ ಡಾಕ್ಟರ್ ರೈಮೊಂಡಾ,
ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಕೇಳಿದಳು:
ಗುಲ್ಮ ತೆಗೆದ ಮೇಲೆ ಯಾವ ಯಾವ ಲಸಿಕೆ? ಯಾವ ವರ್ಷ?
ಹಳೇ ಆಸ್ಪತ್ರೆಯ ಕಡತಗಳು
ನೆಲಮಾಳಿಗೆಗೆ ನೀರು ನುಗ್ಗಿದ ಚಳಿಗಾಲದಲ್ಲಿ ಗಂಜಿಯಾದವು.
ಅಮ್ಮ ಫೋನಿನಲ್ಲಿ, ಒಂದು ಕೊಟ್ಟಿದ್ದರು, ಅಲ್ಲ, ಎರಡು,
ಸುಮ್ಮನಿರು ನೆನಪು ಮಾಡಿಕೊಳ್ಳುತ್ತೇನೆ, ಅಂದಳು.
ನೆನಪಾಗಲಿಲ್ಲ.

ಮೂಲೆಯ ಕುರ್ಚಿಯಲ್ಲಿ ಸುಮ್ಮನಿದ್ದ ಬಾಕಿಸ್ ಮಾಮ
ಕೋಟಿನ ಒಳಜೇಬಿಗೆ ಕೈಹಾಕಿದ.
ಉಣ್ಣೆಯ ಜಿಡ್ಡು, ಹುಳಿ ಹಾಲು, ಬೀಡಿಯ ವಾಸನೆ
ಕೋಣೆಗೆಲ್ಲ ಹರಡಿತು. ಕುರಿಲೆಕ್ಕದ ಪುಸ್ತಕ.
ಉಗುಳು ಮುಟ್ಟಿಸಿ ಹಾಳೆ ಮಗುಚಿ ಓದಿದ:

ಎಂಬತ್ತೇಳು, ಫೆಬ್ರವರಿ.
ಕರಿಮೂತಿಯದಕ್ಕೆ ಗೊರಸು ಕೊಳೆತ. ಗುಣ.
ನಲವತ್ತಾರನೆಯದು ಅವಳಿ ಹಾಕಿತು, ಒಂದು ಉಳಿಯಿತು.
ಬೊನಾರಿಯಾಗೆ ನ್ಯುಮೋಕಾಕಸ್, ಎಡತೋಳು. ಅತ್ತಳು.
ಉಪ್ಪು ಎರಡು ಮೂಟೆ.

ಡಾಕ್ಟರ್ ನಗಲು ಹೊರಟು ನಗಲಿಲ್ಲ.
ಸಾಲನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಹೇಳಿದಳು,
ಮಾಮ, ಇದರ ಕಸುವು ಯಾವತ್ತೋ ಹೋಗಿದೆ.
ಹಾಗಾದರೆ ನಾನು ಬರೆದಿಟ್ಟದ್ದು ದಂಡವೇ?
ದಂಡವಲ್ಲ. ಆದರೆ ಮತ್ತೆ ಮೊದಲಿನಿಂದ.
ಈವತ್ತು ಎರಡು, ಎರಡು ತಿಂಗಳಿಗೆ ಇನ್ನೆರಡು,
ಫ್ಲೂನದ್ದು ಪ್ರತಿ ವರ್ಷ, ತಪ್ಪದೆ.
ಮಾಮ ಪೆನ್ಸಿಲ್ಲಿನ ಮೊನೆ ನೆಕ್ಕಿ ಬರೆದುಕೊಂಡ.
ನನ್ನ ಮಂದೆಗೆ ವರ್ಷಕ್ಕೊಮ್ಮೆ ನಾನೇ ಚುಚ್ಚುತ್ತೇನೆ,
ಇವಳೊಬ್ಬಳು ತಪ್ಪಿಸಿಕೊಂಡಿದ್ದಳು, ಅಂದ.

ಜ್ವರ ಬಂದರೆ ಕಾಯಬೇಡಿ, ಡಾಕ್ಟರ್ ಎದ್ದು ನಿಂತು ಅಂದಳು,
ಲಸಿಕೆಯದ್ದೋ ಬೇರೆಯದೋ ಎಂದು ಮನೆಯಲ್ಲಿ ಕೂತು ತೀರ್ಮಾನಿಸಬೇಡಿ.
ಅದು ನನಗೆ ಗೊತ್ತಿತ್ತು.
ಪಕ್ಕದ ಮಂಚದ ಪ್ರಿಯಾಮು,
ನನ್ನ ಜೊತೆಗೇ ಗುಲ್ಮ ತೆಗೆಸಿಕೊಂಡವನು,
ಹತ್ತೊಂಬತ್ತರಲ್ಲಿ ಒಂದು ಶನಿವಾರ ರಾತ್ರಿ
ಬೆಳಗಾಗಲಿ, ನೋಡೋಣ, ಅಂದಿದ್ದ.

ಆ ರಾತ್ರಿ ಎರಡು ಗಂಟೆ.
ತೋಳು ಬಿಸಿ, ಹಲ್ಲು ಕಟಕಟ.
ಮೂವತ್ತೆಂಟು ಪಾಯಿಂಟ್ ನಾಲ್ಕು.
ಲಸಿಕೆಯದೇ ಇರಬೇಕು. ಇರಬೇಕು ಅನ್ನುವ ಮಾತು
ಬಾಯಿಗೆ ಬಂದದ್ದೇ ಹೆದರಿಕೆಯಾಗಿ ಫೋನ್ ಎತ್ತಿದೆ.

ಹಾಲಿನ ಗಾಡಿಯಲ್ಲಿ ಬಂದ.
ಪಾದರಕ್ಷೆ ಒಂದೊಂದು ಕಾಲಿಗೆ ಒಂದೊಂದು ಥರ.
ಖಾಲಿ ಕ್ಯಾನುಗಳು ಹಿಂದೆ ಒಂದಕ್ಕೊಂದು ಬಡಿಯುತ್ತ,
ಸೆನೆಗೆಯಿಂದ ಒರಿಸ್ತಾನೋವರೆಗೆ ನಾವು ಮಾತಾಡಲಿಲ್ಲ.
ಗಾಜಿನಾಚೆ ಬತ್ತಿಸಿದ ಜೌಗು, ಈಗ ಭತ್ತದ ಗದ್ದೆ,
ಕತ್ತಲಲ್ಲಿ ಒಂದೇ ಸಮ ಕಪ್ಪೆಗಳು.

ಇನ್ನೊಂದು ಸಲ ರಕ್ತ ಕೊಡಿಸಿಕೊಳ್ಳಲು ಹೋದ ದಿನ
ಅವನು ಕಾಫಿಗೆ ಎದ್ದಾಗ ಪುಸ್ತಕ ತೆರೆದು ನೋಡಿದೆ.
ಟಗರು ಮಾರಾಟ, ಬೇಲಿಗೆ ತಂತಿ.
ಕೆಳಗೆ, ತುಸು ಒತ್ತಿ ಬರೆದ ಅಕ್ಷರದಲ್ಲಿ:
ಬೊನಾರಿಯಾ. ಜ್ವರ. ಹೋದೆವು. ಬಂದೆವು.